ಉಪಕರಣದ ಜಗಳ, ಅಕ್ಷರದ ಗತಿ

ನಮ್ಮ ಕಚೇರಿಯ ಗಣಕ ವಿಭಾಗದಲ್ಲಿ ಮಧ್ಯಾಹ್ನದ ಚಹಾದ ವೇಳೆಗೆ ನಿತ್ಯವೂ ಒಂದು ವಾಗ್ಯುದ್ಧ ನಡೆಯುತ್ತದೆ. ಪ್ರೋಗ್ರಾಮುಗಳನ್ನು ಬರೆದು ತಿದ್ದುವುದಕ್ಕೆ ಯಾವ ತಂತ್ರಾಂಶ ಶ್ರೇಷ್ಠ ಎಂಬುದೇ ವಿವಾದದ ವಿಷಯ. ನಿವೃತ್ತಿಯ ಅಂಚಿನಲ್ಲಿರುವ ಹಿರಿಯರೊಬ್ಬರು ‘ವಿಐ’ ಪಕ್ಷದವರು. ಅವರ ಸಮವಯಸ್ಕ ಮಿತ್ರರು ‘ಈಮ್ಯಾಕ್ಸ್’ ಪಕ್ಷ. ತರುಣರೆಲ್ಲ 2015ರಲ್ಲಿ ಬಂದ ‘ವಿಷುಯಲ್ ಸ್ಟುಡಿಯೊ ಕೋಡ್’ನ ಆರಾಧಕರು. ವಿಐ ಹೊಕ್ಕವನು ಅಭಿಮನ್ಯುವಿದ್ದಂತೆ, ಹೊರಬರುವ ದಾರಿಯನ್ನು ಅರಿಯನು ಎಂದು ತರುಣರ ಕುಹಕ. ನಿಮ್ಮ ತಂತ್ರಾಂಶ ಕಣ್ಣು ಬಿಡುವಷ್ಟರಲ್ಲಿ ನನ್ನ ಕೆಲಸ ಮುಗಿದಿರುತ್ತದೆ ಎಂದು ಹಿರಿಯರ ಪ್ರತ್ಯುತ್ತರ.

ವಿಐ, ಈಮ್ಯಾಕ್ಸ್ ಎರಡೂ 1976ರ ಕೂಸುಗಳು. ಮೊದಲನೆಯದನ್ನು ಬರ್ಕ್ಲಿಯಲ್ಲಿ ಬಿಲ್ ಜಾಯ್ ಬರೆದರು. ಎರಡನೆಯದು ಎಂಐಟಿಯ ಪ್ರಯೋಗಾಲಯದಲ್ಲಿ ರೂಪುಗೊಂಡಿತು. ಅರ್ಧ ಶತಮಾನದಷ್ಟು ಹಳೆಯದಾದ ಈ ಕಲಹ ಇಂದಿಗೂ ವಿನೋದವಾಗಿಯೇ ಉಳಿದಿರುವುದಕ್ಕೆ ಒಂದು ಕಾರಣವುಂಟು: ಇದರಲ್ಲಿ ಸೋತವನಿಗೂ ನಷ್ಟವಿಲ್ಲ. ಬರೆಯುವ ಉಪಕರಣ ಯಾವುದೇ ಇರಲಿ, ಅಕ್ಷರಗಳು ಸೇರುವುದು 1963ರಲ್ಲಿ ಪ್ರಕಟವಾದ ಆಸ್ಕಿ ಸಂಕೇತಗಳಲ್ಲಿ. ಆದ್ದರಿಂದ ಒಬ್ಬನು ಬರೆದುದನ್ನು ಇನ್ನೊಬ್ಬನು ತನ್ನ ಉಪಕರಣದಲ್ಲಿ ನಿರಾತಂಕವಾಗಿ ಓದಬಲ್ಲನು.

ನಮಗೆ ಆ ಭಾಗ್ಯವಿರಲಿಲ್ಲ ಎಂಬುದು ಕಳೆದ ವರ್ಷ ನನ್ನ ಅನುಭವಕ್ಕೆ ಬಂದಿತು. ಸಂಘವನ್ನು ಕಟ್ಟಿದ ಹಿರಿಯರೊಬ್ಬರು ತೀರಿಕೊಂಡಾಗ, 2003ರಲ್ಲಿ ಅವರು ಬರೆದಿದ್ದ ಲೇಖನವನ್ನು ಪುನರ್ಮುದ್ರಿಸೋಣವೆಂದು ಹಳೆಯ ಸಿ.ಡಿ.ಯನ್ನು ಹುಡುಕಿ ತೆಗೆದೆವು. ಕಡತವೇನೋ ತೆರೆಯಿತು, ಕನ್ನಡ ಕಾಣಲಿಲ್ಲ. ಪುಟದ ತುಂಬ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ನಾಣ್ಯದ ಚಿಹ್ನೆ. ‘ಕನ್ನಡ’ ಎಂಬ ಪದದ ನಡುವೆಯೇ ಪೌಂಡು ಕುಳಿತಿತ್ತು!

ಇದಕ್ಕೆ ಮಾಯಾಮಂತ್ರವೇನೂ ಕಾರಣವಲ್ಲ. ಅಂದಿನ ತಂತ್ರಾಂಶಗಳು ಕನ್ನಡ ಅಕ್ಷರಗಳ ತುಣುಕುಗಳನ್ನು ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕೂರಿಸಿದ್ದವು. ಆ ಫಾಂಟ್ ಇರುವವರೆಗೆ ಅದು ಕನ್ನಡ. ಫಾಂಟ್ ಇಲ್ಲವಾದೊಡನೆ ವೇಷ ಕಳಚಿ ಬೀಳುತ್ತದೆ. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆತಿತ್ತು. ಆದರೆ ನಮ್ಮ ಪುಟವಿನ್ಯಾಸ ನಡೆಯುತ್ತಿದ್ದ ಪೇಜ್‌ಮೇಕರ್ ಯೂನಿಕೋಡ್ ಕನ್ನಡವನ್ನು ಮೂಡಿಸಲಾರದಾಗಿತ್ತು. 2001ರ ಏಳನೆಯ ಆವೃತ್ತಿಯೇ ಅದರ ಕೊನೆಯದಾದರೂ, ಅದರೊಡನೆ ಹಳೆಯ ಫಾಂಟುಗಳನ್ನೂ ಹಿಡಿದುಕೊಂಡೇ ಬಂದೆವು.

ಹಳೆಯದನ್ನೆಲ್ಲ ಹಳಿಯುವುದು ನನ್ನ ಉದ್ದೇಶವಲ್ಲ. ನುಡಿ, ಬರಹಗಳು ಬಾರದಿದ್ದರೆ ಹೊರನಾಡಿನ ಎಷ್ಟೋ ಪತ್ರಿಕೆಗಳು ಅಚ್ಚನ್ನೇ ಕಾಣುತ್ತಿರಲಿಲ್ಲ. ಆ ಋಣ ದೊಡ್ಡದು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸಕ್ಕೆ ಪಳಗಿದ ಬೆರಳುಗಳು ಅದನ್ನು ಮರೆಯಬೇಕಾಗಿಯೂ ಇಲ್ಲ, ಏಕೆಂದರೆ ಅದೇ ವಿನ್ಯಾಸದಲ್ಲಿ ಯೂನಿಕೋಡ್ ಕನ್ನಡವನ್ನು ಬೆರಳಚ್ಚಿಸಬಹುದು. ನುಡಿ, ಬರಹಗಳ ಈಚಿನ ಆವೃತ್ತಿಗಳಿಗೂ ಆ ಸಾಮರ್ಥ್ಯವಿದೆ. ವಿಐ ಬಳಸುವ ಹಿರಿಯರಂತೆ ಉಪಕರಣದ ವಿಷಯದಲ್ಲಿ ಹಟ ಹಿಡಿಯೋಣ; ಅಕ್ಷರ ಸಂಕೇತದ ವಿಷಯದಲ್ಲಿ ಮಾತ್ರ ಹಟ ಸಲ್ಲದು.

ಆ ಲೇಖನವನ್ನು ಕೊನೆಗೆ ಪರಿವರ್ತಕ ತಂತ್ರಾಂಶವೊಂದರಿಂದ ಕನ್ನಡಕ್ಕೆ ಮರಳಿಸಿದೆವು. ಅಲ್ಲಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ಸ್ಥಾನ ತಪ್ಪಿದ್ದವು. ಅವನ್ನು ತಿದ್ದಲು ಅಚ್ಚಾದ ಪ್ರತಿ ಬೇಕಾಯಿತು. ಅದು ಸಿಕ್ಕಿದ್ದು ಸದಸ್ಯರೊಬ್ಬರ ಮನೆಯ ಅಟ್ಟದಲ್ಲಿ. ಆ ಅಟ್ಟ ಎಷ್ಟು ಕಾಲ ಇದ್ದೀತು?

ಕಾರ್ಯಕಾರಿ ಸಮಿತಿಯಲ್ಲಿ ನನ್ನ ಬಿನ್ನಹ ಎರಡು. ಮುಂದಿನ ಸಂಚಿಕೆಯಿಂದ ಎಲ್ಲ ಬರಹಗಳೂ ಯೂನಿಕೋಡಿನಲ್ಲಿಯೇ ಸಂಗ್ರಹವಾಗಲಿ. ಹಳೆಯ ಸಂಚಿಕೆಗಳನ್ನು ತರುಣರು ಪರಿವರ್ತಿಸಲಿ, ಹಿರಿಯರು ಅಚ್ಚಿನ ಪ್ರತಿಯೊಡನೆ ಹೋಲಿಸಿ ತಿದ್ದಲಿ. ಪರಭಾಷೆಯ ನೆಲದಲ್ಲಿ ಕುಳಿತು ಮಕ್ಕಳು ಕನ್ನಡ ಓದುತ್ತಿಲ್ಲವೆಂದು ಪ್ರತಿ ರಾಜ್ಯೋತ್ಸವದಲ್ಲಿಯೂ ಕೊರಗುತ್ತೇವೆ. ನಾಳೆ ಓದಬೇಕೆಂದು ಅವರಲ್ಲಿ ಒಬ್ಬರಾದರೂ ಬಂದಾಗ ಅವರ ಕೈಗೆ ನಾವು ಕೊಡುವ ಕಡತದಲ್ಲಿ ಕನ್ನಡ ಇರಬೇಕಷ್ಟೆ.