ಮೀನಿನ ತುಪ್ಪಳದ ಟೋಪಿ

ಕನ್ನಡದಲ್ಲಿ ‘ಟೋಪಿ ಹಾಕಿದರು’ ಎಂದರೆ ತಲೆ ಬೆಚ್ಚಗಾಯಿತೆಂದು ಯಾರೂ ತಿಳಿಯುವುದಿಲ್ಲ, ಜೇಬು ಖಾಲಿಯಾಯಿತೆಂದೇ ತಿಳಿಯುತ್ತಾರೆ! ಆದರೆ ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯನ್ನೂ ಕಂಡ ರಷ್ಯನ್ನರಿಗೆ ಟೋಪಿಯೆಂದರೆ ಪ್ರಾಣ. ಹಾಗೆಂದು ಅವರು ಅದನ್ನು ತಮಾಷೆ ಮಾಡದೆ ಬಿಟ್ಟಿಲ್ಲ.

ಅಲ್ಲಿನ ಪ್ರಸಿದ್ಧ ಟೋಪಿಯ ಹೆಸರು ಉಶಾಂಕ. ರಷ್ಯನ್ ಭಾಷೆಯಲ್ಲಿ ‘ಉಶಿ’ ಎಂದರೆ ಕಿವಿಗಳು. ಅದರ ಕಿವಿಪಟ್ಟಿಗಳನ್ನು ಇಳಿಸಿ ಗಲ್ಲದ ಕೆಳಗೆ ಕಟ್ಟಬಹುದು, ಬೇಡವಾದಾಗ ಎತ್ತಿ ನೆತ್ತಿಯ ಮೇಲೆ ಕಟ್ಟಬಹುದು. 1939-40ರ ಫಿನ್ಲೆಂಡ್ ಯುದ್ಧದಲ್ಲಿ ಸೋವಿಯತ್ ಸೈನಿಕರ ಹಳೆಯ ಚೂಪು ಟೋಪಿ ಚಳಿಗೆ ಸಾಲದಾಯಿತು. 1940ರಲ್ಲಿ ಅದರ ಜಾಗಕ್ಕೆ ಉಶಾಂಕ ಬಂತು. ಅಧಿಕಾರಿಗಳಿಗೆ ಕುರಿಯ ತುಪ್ಪಳ, ಜನರಲ್‌ಗಳಿಗೆ ಕರಾಕುಲ್ ಕುರಿಮರಿಯ ಗುಂಗುರು ತುಪ್ಪಳ, ಸಾಮಾನ್ಯ ಸಿಪಾಯಿಗೆ ಕೃತಕ ತುಪ್ಪಳ. ಆ ಕೃತಕ ತುಪ್ಪಳಕ್ಕೆ ಅಂಟಿಕೊಂಡ ಹೆಸರು ‘ಮೀನಿನ ತುಪ್ಪಳ’! ಮೀನಿಗೆಲ್ಲಿಯ ತುಪ್ಪಳ? ಇಲ್ಲದ ವಸ್ತುವಿಗೆ ನಮ್ಮ ತರ್ಕಪಂಡಿತರು ಮೊಲದ ಕೊಂಬು, ಆಮೆಯ ರೋಮ ಎನ್ನುತ್ತಿದ್ದರಲ್ಲ, ಇದೂ ಅದೇ ಜಾತಿಯ ಮಾತು.

ಅವರದೇ ಇನ್ನೊಂದು ನಗೆಹನಿ ಕೇಳಿ. ಕೊರೆಯುವ ಚಳಿಯಲ್ಲೂ ಒಬ್ಬ ಕಿವಿಪಟ್ಟಿ ಎತ್ತಿ ಕಟ್ಟಿಕೊಂಡು ಓಡಾಡುತ್ತಿದ್ದನಂತೆ. ಯಾಕಪ್ಪಾ ಎಂದು ಕೇಳಿದರೆ, “ನಿನ್ನೆ ಇಳಿಸಿಕೊಂಡಿದ್ದೆ. ಯಾರೋ ಕುಡಿಯೋಣ ಬಾ ಅಂದರಂತೆ, ನನಗೆ ಕೇಳಿಸಲೇ ಇಲ್ಲ!”

ಅಮೆರಿಕದಲ್ಲಿ ಈ ಮೀನಿನ ತುಪ್ಪಳ ಬೇರೆ ವೇಷ ಹಾಕಿತು. ಟ್ರೌಟ್ ಮೀನಿಗೆ ಮೊಲದ ಚರ್ಮ ಹೊದಿಸಿ, ತಣ್ಣೀರಿನ ಚಳಿಗೆ ತುಪ್ಪಳ ಬೆಳೆದಿದೆ ಎಂದು ಗೋಡೆಗೆ ತೂಗುಹಾಕಿದವರುಂಟು. ನಂಬಿದವರಿಗೆ ಅದು ಅಪ್ಪಟ ಟೋಪಿ.

ಈಗಿನ ಕಾಲದ್ದು ಇನ್ನೂ ವಿಚಿತ್ರ. 2013ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮೂರು ಕಂಪನಿಗಳ ಮೇಲೆ ಕ್ರಮ ಕೈಗೊಂಡಿತು. ಆರೋಪವೇನು ಗೊತ್ತೇ? ಅಸಲಿ ತುಪ್ಪಳವನ್ನು ನಕಲಿ ಎಂದು ಮಾರಿದ್ದು! ಪ್ರಾಣಿಹಿಂಸೆ ಬೇಡವೆಂದು ನಕಲಿಯನ್ನೇ ಹುಡುಕಿ ಕೊಂಡವರ ಮೈಮೇಲೆ ಸತ್ತ ಪ್ರಾಣಿಯ ಚರ್ಮ ಕುಳಿತಿತ್ತು. ಕೂದಲನ್ನು ಬಿಡಿಸಿ ಬುಡ ನೋಡಿ: ನೇಯ್ದ ಬಟ್ಟೆ ಕಂಡರೆ ನಕಲಿ, ಚರ್ಮ ಕಂಡರೆ ಅಸಲಿ.

ನಮ್ಮ ಅಭಿಪ್ರಾಯ ಇಷ್ಟೆ. ನಕಲಿ ತುಪ್ಪಳ ತೊಟ್ಟರೆ ಅವಮಾನವೇನಿಲ್ಲ, ಸುಳ್ಳು ಚೀಟಿ ಅಂಟಿಸಿದವನು ನಾಚಬೇಕು. ಅಗ್ಗದ ಟೋಪಿಯೂ ಕಿವಿ ಕಾಯುತ್ತದೆ. (ಅಕ್ರಿಲಿಕ್, ಪಾಲಿಯೆಸ್ಟರಿನ ತುಪ್ಪಳ ಬೇಗ ಬೆಂಕಿ ಹಿಡಿಯುತ್ತದೆ. ಬೆಳಿಗ್ಗೆ ಬೆಂಕಿ ಕಾಯಿಸುವ ಮಕ್ಕಳಿಗೆ ಇದನ್ನು ಹೇಳಿಕೊಡಿ.)

ಧನುರ್ಮಾಸದಲ್ಲಿ ನಮ್ಮ ತಾಳವಾಡಿ ಕಡೆಯ ಶಾಲೆಗಳನ್ನು ನೋಡಿ. ಒಬ್ಬನ ತಲೆಗೆ ಅಣ್ಣನ ಹಳೇ ಮಂಕಿ ಟೋಪಿ, ಇನ್ನೊಬ್ಬಳಿಗೆ ಸಂತೆಯ ತುಪ್ಪಳದ ಟೋಪಿ. ಪಕ್ಕದವರು ‘ಕೋತಿ’, ‘ಕರಡಿ’ ಎಂದು ನಕ್ಕರೆ ಮಾರನೆಯ ದಿನ ಆ ಮಗು ಟೋಪಿಯನ್ನು ಚೀಲದಲ್ಲಿಟ್ಟು ಬರಿತಲೆಯಲ್ಲಿ ನಡುಗುತ್ತಾ ಬರುತ್ತದೆ. ಇದನ್ನು ನಾವು ಶಿಕ್ಷಕರು ಸಣ್ಣ ವಿಷಯವೆಂದು ಬಿಡಬಾರದು.

ಮೀನಿನ ತುಪ್ಪಳವೆಂದು ನಕ್ಕ ಸಿಪಾಯಿ ನಕ್ಕಿದ್ದು ತನ್ನದೇ ತಲೆಯ ಮೇಲಿದ್ದ ಟೋಪಿಗೆ. ಹಾಸ್ಯ ಎಂದರೆ ಅದು. ಈ ಚಳಿಗಾಲದಲ್ಲಿ ಪ್ರತಿ ಮಗುವೂ ತನ್ನ ಟೋಪಿಗೆ ತಾನೇ ಒಂದು ಕನ್ನಡದ ಹೆಸರಿಡಲಿ. ಬೇರೆಯವರ ಟೋಪಿಗೆ ಹೆಸರಿಡುವ ಉಸಾಬರಿ ಮಾತ್ರ ಬೇಡ. ನೀವೇನಂತೀರಿ?