ಹಲಸನ್ನು ಬಡಿದು ನೋಡಿ ಕೊಳ್ಳುತ್ತೇವೆ, ಕಾಲೇಜನ್ನು ನೋಡದೇ ಕೊಳ್ಳುತ್ತೇವೆ

ಹಲಸಿನ ಕಾಲದಲ್ಲಿ ನಮ್ಮ ಚೇಳೂರಿನ ಮಾರುಕಟ್ಟೆಗೆ ಬಂದು ಅರ್ಧ ಗಂಟೆ ನಿಂತು ನೋಡಿ. ನೂರು ರೂಪಾಯಿಯ ಹಣ್ಣು ಕೊಳ್ಳಲು ಒಬ್ಬ ಮನುಷ್ಯ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ? ಬೆರಳ ಗೆಣ್ಣಿನಿಂದ ಬಡಿಯುತ್ತಾನೆ, ಸದ್ದು ಕೇಳುತ್ತಾನೆ, ಮುಳ್ಳು ಅಗಲವಾಗಿದೆಯಾ ನೋಡುತ್ತಾನೆ, ಮೂಸುತ್ತಾನೆ, ಯಾರ ತೋಟದ್ದು ಅಂತ ಕೇಳುತ್ತಾನೆ. ಕೊನೆಗೆ ಇಪ್ಪತ್ತು ರೂಪಾಯಿ ಬಿಡು ಅನ್ನುತ್ತಾನೆ. ಸಿದ್ದು ಹಲಸು ಹುಟ್ಟಿದ ಊರು ನಮ್ಮದು. ಯಾರಾದರೂ ರಸ್ತೆ ಬದಿ ಸಸಿ ಇಟ್ಟುಕೊಂಡು ‘ಇದು ಸಿದ್ದು’ ಅಂದರೆ ಎಲ್ಲಿಂದ ತಂದೆ ಅಂತ ಕೇಳದೆ ನಾವು ಬಿಡುವುದಿಲ್ಲ.

ಅದೇ ಮನುಷ್ಯ ತುಮಕೂರಿನ ಹೋಟೆಲೊಂದರ ಏಸಿ ಹಾಲಿನಲ್ಲಿ ಕೂತು, ನೀಲಿ ಸಮುದ್ರದ ಫೋಟೊ ಇರುವ ಬ್ರೋಷರ್ ತಿರುವಿ, ಕಾಫಿ ಕುಡಿದು, ನಲವತ್ತು ಲಕ್ಷದ ಮೆಡಿಕಲ್ ಸೀಟಿಗೆ ‘ಆಯ್ತು ಸಾರ್’ ಅಂದು ಬರುತ್ತಾನೆ.

ಇದು ಯಾರದೋ ಮನೆಯ ಕಥೆಯಲ್ಲ, ನಮ್ಮ ದೊಡ್ಡಪ್ಪನ ಮನೆಯದು.

ಕಪ್ ಗೆದ್ದ ಊರು

ದೊಡ್ಡಪ್ಪನ ಮಗಳು ನೀಟ್‌ನಲ್ಲಿ ಅರ್ಹತೆ ಪಡೆದಳು. ಆದರೆ ಸರ್ಕಾರಿ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಒಂದು ವಾರದೊಳಗೆ ಏಜೆಂಟನ ಫೋನ್ ಬಂತು. ನಂಬರ್ ಅವನಿಗೆ ಯಾರು ಕೊಟ್ಟರು ಅಂತ ಇವತ್ತಿಗೂ ಗೊತ್ತಿಲ್ಲ. ಅವನು ಹೇಳಿದ ಊರು ಬ್ರಿಡ್ಜ್‌ಟೌನ್, ಕೆರಿಬಿಯನ್ ಸಮುದ್ರದ ಕಡೆ ಇರುವ ಬಾರ್ಬಡೋಸ್ ಎಂಬ ದ್ವೀಪ ದೇಶದ ರಾಜಧಾನಿ.

ಆ ಹೆಸರು ಮನೆಯವರಿಗೆಲ್ಲ ಗೊತ್ತಿತ್ತು. 2024ರ ಜೂನ್ 29ರ ರಾತ್ರಿ ಭಾರತ ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ ಟಿ20 ವಿಶ್ವಕಪ್ ಗೆದ್ದದ್ದು ಅಲ್ಲಿಯ ಕೆನ್ಸಿಂಗ್ಟನ್ ಓವಲ್‌ನಲ್ಲಿ. ಕೋಚ್ ನಮ್ಮ ರಾಹುಲ್ ದ್ರಾವಿಡ್. ಏಜೆಂಟನ ಬ್ರೋಷರ್‌ನಲ್ಲಿ ಆ ಸ್ಟೇಡಿಯಂ ಫೋಟೊ ಕಾಲೇಜಿನ ಫೋಟೊಕ್ಕಿಂತ ದೊಡ್ಡದಾಗಿತ್ತು.

‘ಕಪ್ ಗೆದ್ದ ಊರು ಕಣಪ್ಪ. ಇಂಗ್ಲಿಷ್ ಮಾತಾಡ್ತಾರಂತೆ. ಅಮೆರಿಕದ ಪಕ್ಕದಲ್ಲೇ ಐತಂತೆ,’ ಅಂದರು ದೊಡ್ಡಪ್ಪ. ಹದಿನೈದು ದಿನದೊಳಗೆ ಎರಡು ಲಕ್ಷ ಮುಂಗಡ ಕಟ್ಟಬೇಕು, ಇಲ್ಲದಿದ್ದರೆ ಸೀಟು ಬೇರೆಯವರ ಪಾಲು. ಬ್ಯಾಂಕಿಗೆ ಕೊಡಲು ತೋಟದ ಪಹಣಿ ತೆಗೆಸಿಟ್ಟಿದ್ದರು. ನನ್ನನ್ನು ಕರೆದದ್ದು ಇಂಗ್ಲಿಷ್ ಕಾಗದ ಓದಿ ಹೇಳೋದಕ್ಕೆ ಮಾತ್ರ.

‘ದುಡ್ಡು ಕಟ್ಟೋ ಮೊದಲು ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ ದೊಡ್ಡಪ್ಪ,’ ಅಂದೆ.

ಎಲ್ಲರೂ ನಕ್ಕರು. ‘ಅದೇನು ನಿಟ್ಟೂರೇನ್ಲಾ, ಬಸ್ ಹತ್ತಿ ಹೋಗ್ ಬರಕ್ಕೆ?’

ಸರಿ, ಹೋಗೋದು ಬೇಡ, ಹೋಗೋದಾದರೆ ಹೇಗೆ ಅಂತ ಲೆಕ್ಕವನ್ನಾದರೂ ಹಾಕೋಣ ಅಂದೆ. ನಾಲ್ಕು ಸಂಜೆ ಕೂತೆವು. ಈ ಲೇಖನ ಬರೆಯುತ್ತಿರುವುದೇ ಆ ನಾಲ್ಕು ಸಂಜೆಗಳಿಗಾಗಿ. ನನ್ನ ವಾದ ಇಷ್ಟೇ: ನೀವು ಹೋಗದಿದ್ದರೂ ಪರವಾಗಿಲ್ಲ, ಹೋಗುವ ತಯಾರಿ ಮಾಡಿ. ತಯಾರಿಯಲ್ಲೇ ಅರ್ಧ ಸುಳ್ಳು ಬಯಲಾಗುತ್ತದೆ.

ಮೊದಲ ಸಂಜೆ: ದಾರಿ

ಪಾಸ್‌ಪೋರ್ಟ್ ಮಾಡಿಸುವುದು ಕಷ್ಟವಲ್ಲ. ತುಮಕೂರಿನ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರ ಇದೆ. ಕಷ್ಟ ಇರುವುದು ದಾರಿಯಲ್ಲಿ. ಭಾರತದಿಂದ ಬ್ರಿಡ್ಜ್‌ಟೌನ್‌ಗೆ ನೇರ ವಿಮಾನ ಇಲ್ಲ. ಸಾಮಾನ್ಯವಾಗಿ ಲಂಡನ್ ಮೂಲಕವೋ, ಅಮೆರಿಕ ಅಥವಾ ಕೆನಡಾ ಮೂಲಕವೋ ಹೋಗಬೇಕು. ಬೆಂಗಳೂರಿನಲ್ಲಿ ವಿಮಾನ ಹತ್ತಿದರೆ ಕಾಯುವ ಹೊತ್ತೂ ಸೇರಿ ಒಂದು ದಿನಕ್ಕೂ ಹೆಚ್ಚು. ಅಲ್ಲಿನ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ.

‘ಅಮೆರಿಕದ ಪಕ್ಕದಲ್ಲೇ’ ಎಂಬ ಮಾತು ಅಲ್ಲಿಗೆ ಸಡಿಲವಾಯಿತು. ದೊಡ್ಡಮ್ಮ ಕೇಳಿದರು: ‘ಮಗೀಗೆ ಜ್ವರ ಬಂತು ಅಂದ್ರೆ ನಾವು ಯಾವಾಗ ಮುಟ್ತೀವಿ?’ ಏಜೆಂಟನನ್ನು ಅಷ್ಟು ದಿನದಲ್ಲಿ ಯಾರೂ ಕೇಳದೆ ಇದ್ದ ಪ್ರಶ್ನೆ ಅದು.

ಅದೇ ಸಂಜೆ ಇನ್ನೊಂದು ಓದಿದೆವು. ಜೂನ್‌ನಿಂದ ನವೆಂಬರ್‌ವರೆಗೆ ಆ ಕಡೆ ಚಂಡಮಾರುತದ ಕಾಲ. ಕಪ್ ಗೆದ್ದ ನಮ್ಮ ತಂಡವೇ ಬೆರಿಲ್ ಚಂಡಮಾರುತಕ್ಕೆ ಸಿಕ್ಕಿ, ವಿಮಾನ ನಿಲ್ದಾಣ ಮುಚ್ಚಿ, ದಿನಗಟ್ಟಲೆ ಬ್ರಿಡ್ಜ್‌ಟೌನ್‌ನಲ್ಲಿ ಕೂತಿತ್ತು. ಅವರಿಗೆ ವಿಶೇಷ ವಿಮಾನ ಹೋಯಿತು. ಜುಲೈ 4ಕ್ಕೆ ದೆಹಲಿಗೆ ಬಂದರು. ನಮ್ಮ ಹುಡುಗಿಗೆ ಯಾರು ವಿಮಾನ ಕಳಿಸುತ್ತಾರೆ? ಚಂಡಮಾರುತ ಬರುತ್ತೆ ಅಂತ ಯಾರೂ ಓದೋದು ಬಿಡಬೇಕಿಲ್ಲ. ಆದರೆ ಸ್ಟೇಡಿಯಂ ಫೋಟೊ ಹಾಕಿದವನು ಇದನ್ನೂ ಹೇಳಬೇಕಿತ್ತು.

ಎರಡನೇ ಸಂಜೆ: ವೀಸಾ, ದುಡ್ಡು

‘ವೀಸಾನೇ ಬೇಡ ಸಾರ್’ ಅಂದಿದ್ದ ಏಜೆಂಟ್. ಅದು ಅರ್ಧ ನಿಜ. ಬಾರ್ಬಡೋಸ್ ನೋಡಲು ಹೋಗುವ ಭಾರತೀಯರಿಗೆ ವೀಸಾ ಬೇಡ. ಆದರೆ ಓದಲು ಇರುವವರಿಗೆ ವಿದ್ಯಾರ್ಥಿ ವೀಸಾ ಬೇಕು. ದಾರಿಯಲ್ಲಿ ಲಂಡನ್‌ನಲ್ಲಿ ವಿಮಾನ ಬದಲಿಸಲಿಕ್ಕೂ ನಮ್ಮ ಪಾಸ್‌ಪೋರ್ಟಿನವರಿಗೆ ಸಾಮಾನ್ಯವಾಗಿ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕ, ಕೆನಡಾ ದಾರಿಯಲ್ಲೂ ಹಾಗೇ. ಇದಾವುದೂ ಬ್ರೋಷರ್‌ನಲ್ಲಿ ಇರಲಿಲ್ಲ.

ಹಾಸ್ಟೆಲ್, ಊಟದ ಖರ್ಚು ‘ಡಾಲರ್’ ಲೆಕ್ಕದಲ್ಲಿ ಬರೆದಿತ್ತು. ಯಾವ ಡಾಲರ್? ಬಾರ್ಬಡೋಸ್‌ಗೆ ಅದರದೇ ಡಾಲರ್ ಇದೆ. ಒಂದು ಅಮೆರಿಕನ್ ಡಾಲರಿಗೆ ಎರಡು ಬಾರ್ಬಡೋಸ್ ಡಾಲರ್. ಅಂದರೆ ಒಂದೇ ಅಂಕಿ, ಖರ್ಚು ಒಂದರಷ್ಟೋ ಎರಡರಷ್ಟೋ. ಫೋನ್ ಮಾಡಿ ಕೇಳಿದರೆ ಏಜೆಂಟನಿಗೂ ಗೊತ್ತಿರಲಿಲ್ಲ.

ಮೂರನೇ ಸಂಜೆ: ಆಸ್ಪತ್ರೆ

ಅಲ್ಲಿಗೆ ಹೋದರೆ ಏನು ನೋಡಬೇಕು ಅಂತ ಪಟ್ಟಿ ಮಾಡಿದೆವು. ದೊಡ್ಡಪ್ಪ ಮೊದಲು ಹೇಳಿದ್ದು ಹಾಸ್ಟೆಲ್. ನಾನು ಆಸ್ಪತ್ರೆ ಬರೆಸಿದೆ. ಡಾಕ್ಟರಾಗುವವರು ಕಲಿಯುವುದು ರೋಗಿಯ ಹಾಸಿಗೆ ಪಕ್ಕದಲ್ಲಿ.

ಬಾರ್ಬಡೋಸ್‌ನ ವಿಸ್ತೀರ್ಣ ಸುಮಾರು 430 ಚದರ ಕಿಲೋಮೀಟರ್. ನಮ್ಮ ತುಮಕೂರು ಜಿಲ್ಲೆಯ ಇಪ್ಪತ್ತನೇ ಒಂದು ಭಾಗವೂ ಇಲ್ಲ. ಜನಸಂಖ್ಯೆ ಮೂರು ಲಕ್ಷದೊಳಗೆ. ಅಲ್ಲಿನ ಮುಖ್ಯ ಸರ್ಕಾರಿ ಆಸ್ಪತ್ರೆ ಬ್ರಿಡ್ಜ್‌ಟೌನ್‌ನಲ್ಲಿರುವ ಕ್ವೀನ್ ಎಲಿಜಬೆತ್ ಆಸ್ಪತ್ರೆ. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಕೇವ್ ಹಿಲ್ ಕ್ಯಾಂಪಸ್‌ನ ವೈದ್ಯ ವಿದ್ಯಾರ್ಥಿಗಳು ಕಲಿಯುವುದು ಅಲ್ಲೇ. ಹೊರದೇಶದ ಮಕ್ಕಳನ್ನು ನಂಬಿಕೊಂಡ ಖಾಸಗಿ ಕಾಲೇಜುಗಳ ಮಕ್ಕಳಿಗೆ ಹಾಗಾದರೆ ರೋಗಿಗಳು ಎಲ್ಲಿ? ಇದು ಆರೋಪವಲ್ಲ, ಪ್ರಶ್ನೆ. ಉತ್ತರ ಇರುವ ಕಾಲೇಜು ಆಸ್ಪತ್ರೆಯ ಹೆಸರು ಹೇಳುತ್ತದೆ, ಒಪ್ಪಂದದ ಕಾಗದ ತೋರಿಸುತ್ತದೆ.

ನಮ್ಮ ಏಜೆಂಟನಿಗೆ ಫೋನ್ ಮಾಡಿ, ‘ನಾವು ಬರ್ತಾ ಇದೀವಿ, ಆಸ್ಪತ್ರೆ ನೋಡಬೇಕು’ ಅಂದೆ. ‘ಯಾಕ್ ಸಾರ್ ಸುಮ್ನೆ ಖರ್ಚು, ವಿಡಿಯೊ ಕಾಲ್ ಮಾಡಿಸ್ತೀನಿ’ ಅಂದ. ಮಾಡಿಸಿದ. ಒಂದು ಬೋರ್ಡು, ಒಂದು ಮೆಟ್ಟಿಲು, ಕುರ್ಚಿ ಹಾಕಿದ ಒಂದು ಕ್ಲಾಸ್ ರೂಮ್. ಆಸ್ಪತ್ರೆ? ‘ಅದು ಮೂರನೇ ವರ್ಷ ಸಾರ್, ಬೇರೆ ದೇಶದಲ್ಲಿ ಅರೇಂಜ್ ಆಗುತ್ತೆ.’

ನಾಲ್ಕನೇ ಸಂಜೆ: ನಿಯಮ

ಆ ‘ಬೇರೆ ದೇಶ’ ಎಂಬ ಒಂದು ಮಾತೇ ನಮಗೆ ಸಾಕಾಯಿತು. ಹೊರದೇಶದಲ್ಲಿ ಓದಿದವರು ಇಲ್ಲಿ ಡಾಕ್ಟರಾಗಬೇಕಾದರೆ ಏನು ಬೇಕು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರ್‌ನಲ್ಲಿ ನಿಯಮ ಮಾಡಿದೆ. ಮುಖ್ಯವಾದವು ಇವು. ಕನಿಷ್ಠ 54 ತಿಂಗಳು ಒಂದೇ ಸಂಸ್ಥೆಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳು ಇಂಟರ್ನ್‌ಶಿಪ್ ಮಾಡಬೇಕು. ಆ ಪದವಿ ಪಡೆದವರು ಆ ದೇಶದಲ್ಲೇ, ಅಲ್ಲಿನ ಪ್ರಜೆಗಳಂತೆಯೇ ವೈದ್ಯರಾಗಿ ಕೆಲಸ ಮಾಡಲು ಅರ್ಹರಾಗಿರಬೇಕು. ಇಲ್ಲಿಗೆ ಬಂದ ಮೇಲೆ ಪರೀಕ್ಷೆ ಪಾಸಾಗಬೇಕು, ಮತ್ತೆ 12 ತಿಂಗಳು ಇಂಟರ್ನ್‌ಶಿಪ್. ಇದೆಲ್ಲ ಕೋರ್ಸ್ ಸೇರಿದ ದಿನದಿಂದ 10 ವರ್ಷದೊಳಗೆ ಮುಗಿಯಬೇಕು.

ಬ್ರೋಷರ್‌ನಲ್ಲಿ ಏನಿತ್ತು? ‘ನಾಲ್ಕು ವರ್ಷದ ಎಂ.ಡಿ., ಅರ್ಧ ದ್ವೀಪದಲ್ಲಿ, ಅರ್ಧ ಬೇರೆ ಕಡೆ.’ ನಾಲ್ಕು ಹನ್ನೆರಡಲಿ ನಲವತ್ತೆಂಟು. ಐವತ್ನಾಲ್ಕು ಅಲ್ಲ. ಒಂದೇ ಸಂಸ್ಥೆಯೂ ಅಲ್ಲ. ಪ್ರೈಮರಿ ಸ್ಕೂಲಿನ ಮಗ್ಗಿ ಸಾಕಿತ್ತು, ನಾವು ಯಾರೂ ಹೇಳಿಕೊಂಡಿರಲಿಲ್ಲ.

ಪರೀಕ್ಷೆಯ ಕಥೆ ಕೇಳಿ. ಹೊರದೇಶದಲ್ಲಿ ಓದಿ ಬಂದವರು ಬರೆಯುವ ಎಫ್‌ಎಂಜಿಇ ಪರೀಕ್ಷೆಯಲ್ಲಿ 300 ಪ್ರಶ್ನೆಗೆ 150 ಸರಿಯಾಗಬೇಕು. 2023ರ ಡಿಸೆಂಬರ್‌ನಲ್ಲೂ 2024ರ ಜೂನ್‌ನಲ್ಲೂ ಪಾಸಾದವರು ನೂರಕ್ಕೆ ಇಪ್ಪತ್ತರ ಆಸುಪಾಸು. ಐವರಲ್ಲಿ ಒಬ್ಬರು. ಉಳಿದ ನಾಲ್ವರ ಫೋಟೊ ಯಾವ ಬ್ರೋಷರ್‌ನಲ್ಲೂ ಇರುವುದಿಲ್ಲ. ಕೆರಿಬಿಯನ್ ತೀರದಲ್ಲೇ ಇರುವ ಬೆಲೀಜ್ ದೇಶದ ಕೆಲವು ಕಾಲೇಜುಗಳಿಗೆ ಸೇರಬೇಡಿ ಅಂತ ಆಯೋಗವೇ 2025ರಲ್ಲಿ ಎಚ್ಚರಿಕೆ ಕೊಟ್ಟಿದೆ.

ನನ್ನ ಪಾಲಿನ ತಪ್ಪು

ಏಜೆಂಟನನ್ನು ಬೈದು ಮುಗಿಸಿದರೆ ಈ ಬರಹ ಸುಳ್ಳಾಗುತ್ತದೆ. ತಾಲ್ಲೂಕಿನ ವರದಿಗಾರರಾದ ನಮಗೆ ಸುದ್ದಿಗಿಂತ ಹೆಚ್ಚು ದುಡ್ಡು ಕೊಡುವುದು ಜಾಹೀರಾತಿನ ಕಮಿಷನ್. ಹಿಂದಿನ ವರ್ಷ ‘ವಿದೇಶದಲ್ಲಿ ಎಂಬಿಬಿಎಸ್, ಕಡಿಮೆ ಖರ್ಚು’ ಎಂಬ ಕಾಲು ಪುಟದ ಜಾಹೀರಾತು ತಂದವನು ನಾನೇ. ಕಾಲೇಜು ಯಾವುದು ಅಂತ ಕೂಡ ಕೇಳಿರಲಿಲ್ಲ. ಕಮಿಷನ್‌ನಲ್ಲಿ ಬೈಕಿನ ಎರಡು ಟೈರ್ ಹಾಕಿಸಿದೆ. ಅದನ್ನು ನೋಡಿ ಯಾರು ಎಲ್ಲಿಗೆ ಹೋದರೋ ಗೊತ್ತಿಲ್ಲ. ಬೆಳಗ್ಗೆ ಪೇಪರ್‌ನಲ್ಲಿ ಬಂದದ್ದು ನಿಜ ಅಂತ ನಂಬುವ ಜನರ ನಂಬಿಕೆಯನ್ನು ನಾವು ಕಾಲು ಪುಟದ ಲೆಕ್ಕದಲ್ಲಿ ಮಾರುತ್ತಿದ್ದೇವೆ. ನನ್ನ ಜೊತೆ ಓದಿ ಇದೇ ಕೆಲಸದಲ್ಲಿರುವ ಗೆಳೆಯರು ಇದನ್ನು ಓದುತ್ತಿದ್ದರೆ, ನಿಮಗೂ ಸೇರಿಸಿಯೇ ಹೇಳುತ್ತಿದ್ದೇನೆ.

‘ಬಡವರ ಮಕ್ಕಳು ಡಾಕ್ಟರಾಗಬಾರದಾ?’

ಈ ಪ್ರಶ್ನೆ ಬರುತ್ತದೆ ಅಂತ ಗೊತ್ತು. ದೊಡ್ಡಪ್ಪನೂ ಇದನ್ನೇ ಕೇಳಿದರು, ಸಿಟ್ಟಿನಲ್ಲಿ ಕೇಳಿದರು. ಆಗಬೇಕು. ಹೊರಗೆ ಓದಿ ಬಂದು ಒಳ್ಳೆಯ ಡಾಕ್ಟರಾದವರಿದ್ದಾರೆ. ಬಾರ್ಬಡೋಸ್‌ನ ಎಲ್ಲ ಕಾಲೇಜೂ ಮೋಸ ಅಂತ ನಾನು ಹೇಳುತ್ತಿಲ್ಲ, ಹೇಳುವ ಹಕ್ಕೂ ನನಗಿಲ್ಲ. ನೋಡದೆ ಕೊಳ್ಳಬೇಡಿ ಅನ್ನುತ್ತಿದ್ದೇನೆ.

ಹೋಗಿ ಬರೋಕೆ ದುಡ್ಡೆಲ್ಲಿ ಅಂತೀರಾ? ನಾವು ಹಾಕಿದ ಲೆಕ್ಕದಲ್ಲಿ ಒಬ್ಬರು ಹೋಗಿ ಬರಲು ಸುಮಾರು ಎರಡು ಲಕ್ಷ. ದೊಡ್ಡದೇ. ಆದರೆ ಅದು ಏಜೆಂಟ್ ಕೇಳಿದ ಬರೀ ಮುಂಗಡದಷ್ಟು. ಒಂದೇ ಕಾಲೇಜಿಗೆ ಹೊರಟ ನಾಲ್ಕು ಮನೆಯವರು ಸೇರಿ ಒಬ್ಬ ತಿಳಿದವರನ್ನು ಕಳಿಸಿದರೆ ಮನೆಗೆ ಐವತ್ತು ಸಾವಿರ. ಬೋರ್‌ವೆಲ್ ಕೊರೆಸುವಾಗ ನೀರು ನೋಡುವವರನ್ನು ಕರೆಸುವುದಿಲ್ಲವೇ?

ಇನ್ನು ಸರ್ಕಾರ. ತುಮಕೂರಿನಲ್ಲಿ ಮೆಡಿಕಲ್ ಕಾಲೇಜುಗಳಿವೆ, ಎಲ್ಲ ಖಾಸಗಿ. ಮ್ಯಾನೇಜ್‌ಮೆಂಟ್ ಸೀಟಿನ ದುಡ್ಡು ತೆಂಗಿನ ತೋಟ ಮಾರಿದರೂ ಸಾಲದು. 2022ರಲ್ಲಿ ಯುಕ್ರೇನ್‌ನಲ್ಲಿ ಹಾವೇರಿ ಜಿಲ್ಲೆಯ ಹುಡುಗ ಶೆಲ್ ದಾಳಿಗೆ ಸತ್ತಾಗ ಎಲ್ಲ ಪಕ್ಷದವರೂ ‘ನಮ್ಮ ಮಕ್ಕಳು ಯಾಕೆ ಹೊರಗೆ ಹೋಗಬೇಕು’ ಅಂತ ಕೇಳಿದರು. ಕೇಳಿ ಸುಮ್ಮನಾದರು. ಇಲ್ಲಿ ಸೀಟಿಲ್ಲದ ಮನೆಗಳನ್ನು ಹುಡುಕಿಕೊಂಡೇ ಏಜೆಂಟ್ ಬರುತ್ತಾನೆ.

ಮುಂಗಡ ಕೊಡುವ ಮೊದಲು ಇವನ್ನು ಕೇಳಿ

1. ಓದು 54 ತಿಂಗಳಾ? ಪೂರ್ತಿ ಒಂದೇ ಸಂಸ್ಥೆಯಲ್ಲಾ?
2. 12 ತಿಂಗಳ ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ? ಅದರ ಹೆಸರು, ಒಪ್ಪಂದದ ಪ್ರತಿ ಕೊಡಿ.
3. ಈ ಕಾಲೇಜಲ್ಲಿ ಓದಿದವರು ಅದೇ ದೇಶದಲ್ಲಿ ಡಾಕ್ಟರಾಗಿ ಕೆಲಸ ಮಾಡಬಹುದಾ?
4. ಕೆರಿಬಿಯನ್ ದೇಶಗಳ ವೈದ್ಯ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಸಿಎಎಎಂ-ಎಚ್‌ಪಿ ಸಂಸ್ಥೆಯ ಪಟ್ಟಿಯಲ್ಲಿ ಈ ಕಾಲೇಜು ಇದೆಯಾ? (ಅವರ ವೆಬ್‌ಸೈಟ್ ಫೋನಿನಲ್ಲೇ ನೋಡಬಹುದು.)
5. ಫೀಸು ಯಾವ ಡಾಲರ್‌ನಲ್ಲಿ? ಬಿಟ್ಟು ಬಂದರೆ ಎಷ್ಟು ವಾಪಸ್?
6. ನಾವು ಬಂದು ನೋಡುತ್ತೇವೆ. ಯಾವ ದಿನ ಬರಲಿ?

ಆರನೆಯದನ್ನು ಮೊದಲೇ ಕೇಳಿದರೂ ಆದೀತು. ‘ಬನ್ನಿ’ ಅಂದವನ ಜೊತೆ ಮಾತು ಮುಂದುವರಿಸಿ. ‘ಯಾಕ್ ಸುಮ್ನೆ ಖರ್ಚು’ ಅಂದವನಿಗೆ ಕೈಮುಗಿದು ಎದ್ದು ಬನ್ನಿ.

ದೊಡ್ಡಪ್ಪ ಮುಂಗಡ ಕಟ್ಟಲಿಲ್ಲ. ತಂಗಿ ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಅವಳ ಗೆಳತಿಯೊಬ್ಬಳು ಬೇರೆ ದೇಶಕ್ಕೆ ಹೊರಟಿದ್ದಳು, ಸ್ಟೇಟಸ್‌ನಲ್ಲಿ ಏರ್‌ಪೋರ್ಟ್ ಫೋಟೊ ಹಾಕಿದ್ದಳು. ಈಗ ತಂಗಿ ಮತ್ತೆ ನೀಟ್‌ಗೆ ಓದುತ್ತಿದ್ದಾಳೆ. ಈ ಸಲವೂ ಆಗದಿದ್ದರೆ ಏನು ಅಂತ ನನ್ನ ಹತ್ತಿರವೂ ಉತ್ತರ ಇಲ್ಲ. ಪಹಣಿ ಮಾತ್ರ ಬೀರುವಿನಲ್ಲೇ ಇದೆ.