ಒಂದ ತುತ್ತಿಗೆ ಏನಾಕ್ಕೈತಿ ಅನಬ್ಯಾಡ್ರಿ

ಹೋದ ತಿಂಗಳ ಖಾನಾಪುರದಾಗ ನಮ್ಮ ನೆಗೆಣ್ಣಿ ತವರಮನಿಯವರ ಹೊಸ ಮನಿ ವಾಸ್ತುಶಾಂತಿ ಇತ್ತು. ಊಟಕ್ಕ ನಾನೂ ನನ್ನ ಮಗಳೂ ಬಾಜೂಬಾಜೂಕ ಕುಂತಿದ್ವಿ. ಬಡಸೂ ಅಕ್ಕಾರು ಬ್ಯಾಡ ಬ್ಯಾಡ ಅಂದ್ರೂ ಕೇಳದ ಆಕಿ ಎಲಿಗೆ ಒಂದ ಹೋಳಿಗಿ ಹಾಕೇಬಿಟ್ರು, ಮ್ಯಾಲ ತುಪ್ಪಾನೂ ಸುರದ್ರು. "ದೇವರ ಹೆಸರಲೆ ಮಾಡಿದ್ದ ಐತಿ, ಒಂದ ತುತ್ತ ತಿನ್ನವಾ. ಒಂದ ತುತ್ತಿಗೆ ಏನಾಕ್ಕೈತಿ?" ಅಂದ್ರು. ಮಗಳು ನನ್ನ ಮಾರಿ ನೋಡಿದ್ಲು. ನಾ ಆ ಹೋಳಿಗಿ ತಗದು ನನ್ನ ಎಲಿಗೆ ಹಾಕ್ಕೊಂಡೆ, ಆಕಿ ಎಲೀನ ಬದಲ ಮಾಡಿಸಿದೆ. ಅಕ್ಕಾರ ಮಾರಿ ಸಣ್ಣದಾತು. ಹಿಂದಿನ ಸಾಲಿನ್ಯಾಗ ಯಾರೋ "ಭಾಳ ನಾಜೂಕ ಬೆಳಸ್ಯಾರ ಮಗಳನ್ನ" ಅಂದದ್ದೂ ಕಿವಿಗೆ ಬಿತ್ತು.

ಬೆಳಗಾವಿಗೆ ತಿರುಗಿ ಬರೂಮುಂದ ಬಸ್ಸಿನ್ಯಾಗ ನನಗ ಆ ಅಕ್ಕಾರ ಮ್ಯಾಲ ಸಿಟ್ಟ ಬರಲಿಲ್ಲ. ಯಾಕಂದ್ರ ನಾಕ ವರ್ಷದ ಹಿಂದ ನಾನೂ ಹಂಗ ಅಂತಿದ್ದೆ. ಅದಕ್ಕಿಂತ ದೊಡ್ಡ ತಪ್ಪನೂ ಮಾಡೇನಿ. ಅದನ್ನ ಹೇಳಾಕ ಇವತ್ತ ಬರಿಯಾಕ ಕುಂತೀನಿ.

ನನ್ನ ಮಗಳಿಗೆ ಹೈಸ್ಕೂಲಿನಿಂದ ರಕ್ತ ಕಮ್ಮಿ. ಹಿಮೋಗ್ಲೋಬಿನ್ ಏಳರ ಮ್ಯಾಲ ಎಂಟಕ್ಕ ಏರತಿರಲಿಲ್ಲ. ಕಬ್ಬಿಣದ ಗುಳಿಗಿ ತಿಂದು ತಿಂದು ಹುಡುಗಿ ಬ್ಯಾಸತ್ತಿದ್ಲು. ಬೀಟರೂಟ, ಖರ್ಜೂರ, ಶೇಂಗಾ ಬೆಲ್ಲ, ಯಾವುದೂ ಬಿಡಲಿಲ್ಲ ನಾವು. ಬಾಯಾಗ ಹುಣ್ಣ, ಉಂಡ ಕೂಡಲೆ ಹೊಟ್ಟಿ ಉಬ್ಬರ, ವಾರಕ್ಕ ಎರಡ ದಿನ ಭೇದಿ, ವಯಸ್ಸಿಗೆ ತಕ್ಕ ಎತ್ತರಾನೂ ಇಲ್ಲ. ದೃಷ್ಟಿ ತಗದ್ವಿ, ಜಂತಿನ ಔಷಧ ಕೊಟ್ವಿ. "ಹೆಣ್ಣ ಹುಡುಗ್ಯಾರಿಗೆ ರಕ್ತ ಕಮ್ಮಿ ಇರೂದ ಅಲ್ಲೇನ್ರಿ" ಅಂತ ಒಬ್ಬ ಡಾಕ್ಟರೂ ಅಂದ್ರು. ನಾವೂ ಹೌದ ಅಂದ್ವಿ. ನಮ್ಮ ಮನಿತನದಾಗ ಯಾರಿಗೆ ರಕ್ತ ತುಂಬಿ ತುಳಕತಿತ್ತು?

ಆಮ್ಯಾಲ ಮೊಬೈಲಿನ್ಯಾಗ ಒಂದ ವಿಡಿಯೋ ನೋಡಿದೆ. ಗೋಧಿ ಬಿಟ್ರ ಎಲ್ಲಾ ಬ್ಯಾನಿ ಹೋಗತಾವು ಅಂತ ಒಬ್ಬಾಂವ ಹೇಳಿದ್ದ. ನಾ ಮರುದಿನಾನ ಮಗಳಿಗೆ ಚಪಾತಿ ಬಂದ ಮಾಡಿದೆ. ಎರಡ ವಾರದಾಗ ಹೊಟ್ಟಿ ಹಗರಾತು, ಭೇದಿ ನಿಂತು. ನಾ ಏನ ದೊಡ್ಡ ವೈದ್ಯಳ ಆಗಿಬಿಟ್ಟೆ! ಓಣಿ ತುಂಬ ಹೇಳಿಕೋಂತ ಅಡ್ಡಾಡಿದೆ.

ಮೂರ ತಿಂಗಳ ಆದಮ್ಯಾಲೂ ರಕ್ತ ಮಾತ್ರ ಪೂರಾ ಏರಲಿಲ್ಲ ಅಂತ ಹೊಟ್ಟಿ ಡಾಕ್ಟರ ಕಡೆ ಹೋದ್ವಿ. ಅವರು ಎಲ್ಲಾ ಕೇಳಿಕೊಂಡು "ಸೀಲಿಯಾಕ್ ಇರಬಹುದು" ಅಂತ ಟಿ.ಟಿ.ಜಿ. ಅನ್ನೂ ರಕ್ತ ಪರೀಕ್ಷೆ ಬರದ್ರು. ರಿಪೋರ್ಟ ಬಂತು. ಹೌದೂ ಅನ್ನಂಗಿಲ್ಲ, ಇಲ್ಲಾನೂ ಅನ್ನಂಗಿಲ್ಲ, ನಡಬರಕ. "ಈಗ ಏನ ಊಟ ಮಾಡತಾಳ?" ಅಂತ ಕೇಳಿದ್ರು. "ಗೋಧಿ ನಾನ ಬಿಡಿಸೇನ್ರಿ, ಮೂರ ತಿಂಗಳಾತು" ಅಂದೆ, ಶಾಬಾಷ್ ಅಂತಾರ ಅಂತ. ಅವರು ಪೆನ್ನ ಕೆಳಗ ಇಟ್ರು. "ಅವ್ವಾರ, ಕಳ್ಳ ಬಂದು ಹೋದ ಮನ್ಯಾಗ ನೆಲಾ ಒರಸಿ ಆಮ್ಯಾಲ ಪೊಲೀಸರನ್ನ ಕರದಂಗ ಆತಲ್ಲ ಇದು" ಅಂದ್ರು.

ಅವರು ಹೇಳಿದ್ದನ್ನ ನನಗ ತಿಳದಂಗ ಹೇಳತೀನಿ. ಹೋಳಿಗಿ ಕಣಕ ನಾದಿ ಇಟ್ರ ಎಳದಂಗ ಜಗ್ಗತೈತಲ್ಲ, ಆ ಜಿಗಟ ಗುಣ ಕೊಡೂದ ಗ್ಲುಟನ್. ಕಣಕದ ಉಂಡಿ ನಳದ ಕೆಳಗ ಹಿಡದು ತೊಳಕೋಂತ ಹೋಗ್ರಿ, ಬಿಳಿ ನೀರೆಲ್ಲಾ ಹರದು ಕಡೀಕ ಕೈಯಾಗ ರಬ್ಬರಿನಂಥಾದ್ದ ಉಳೀತೈತಿ, ಅದ ಅದು. ಗೋಧಿ, ಬಾರ್ಲಿ, ರೈ ಈ ಮೂರರಾಗೂ ಇರತೈತಿ. ಸೀಲಿಯಾಕ್ ಇದ್ದವರ ಮೈ ಇದನ್ನ ವೈರಿ ಅಂತ ತಿಳಕೊಂಡು ಬಡದಾಡಾಕ ಹೋಗಿ ತನ್ನ ಸಣ್ಣ ಕರಳನ್ನ ತಾನ ಕೆಡಿಸಿಕೊಳ್ಳತೈತಿ. ಕರಳಿನ ಒಳಮೈ ಮಖಮಲ್ ಬಟ್ಟಿಗತೆ ಎಳಿಎಳಿ ಇರತೈತಂತ. ಆ ಎಳಿ ಸವದು ಸಪಾಟ ಆದ್ರ ಉಂಡದ್ದು ಮೈಗೆ ಹತ್ತಂಗಿಲ್ಲ, ನುಂಗಿದ ಕಬ್ಬಿಣದ ಗುಳಿಗೀನೂ ಹತ್ತಂಗಿಲ್ಲ. ಬರೇ ಹೊಟ್ಟಿ ಬ್ಯಾನಿ ಅಲ್ಲ ಇದು. ಕೆಲವರಿಗೆ ಹೊಟ್ಟಿ ಏನೂ ಅನ್ನಂಗಿಲ್ಲ, ರಕ್ತ ಅಷ್ಟ ಕಮ್ಮಿ ಇರತೈತಿ, ಇಲ್ಲಾ ಎಲುಬು ಟೊಳ್ಳಾಗತಾವು, ಮುಟ್ಟ ತಡಾ ಆಗತೈತಿ, ಹೊಟ್ಟಿಲೆ ನಿಂತದ್ದ ಇಳದ ಹೋಗತೈತಿ.

ರಕ್ತದಾಗ ಹುಡುಕೂದು ಆ ಬಡದಾಟದ ಗುರುತು. ಗೋಧಿ ತಿನ್ನೂದ ಬಿಟ್ರ ಬಡದಾಟ ನಿಂತು ಗುರುತೂ ಅಳಿಸಿಹೋಗತೈತಿ. ಹಿಂಗಾಗಿ ನನ್ನ ಮಗಳಿಗೆ ತಿರುಗಿ ಆರ ವಾರ ಗೋಧಿ ತಿನಸಬೇಕಾತು. ದಿನಾ ಎರಡ ಚಪಾತಿ. ಈ ಕೈಲೇನ ಲಟ್ಟಿಸಿ ಕೊಟ್ಟೇನಿ. ನಾಕನೇ ದಿನಕ್ಕ ಹೊಟ್ಟಿ ಹಿಡಕೊಂಡು ಮಲಗಿದ್ಲು. "ಇವತ್ತ ಒಂದ ದಿನ ಬ್ಯಾಡಬೇ ಅವ್ವಾ" ಅಂತ ತಾಟ ದೂಡತಿದ್ಲು, ನಾ ತುತ್ತ ಮುರದು ಬಾಯಿಗೆ ಇಡತಿದ್ದೆ. ಕಾಲೇಜಿನ ಒಂದ ಪರೀಕ್ಷೇನೂ ಅದರಾಗ ಹೋತು. ನಾ ಶಾಣ್ಯಾತನ ಮಾಡದ ಮೊದಲ ರಕ್ತ ಕೊಡಿಸಿದ್ರ ಆ ಆರ ವಾರ ಆಕಿಗೆ ಬರತಿರಲಿಲ್ಲ. ಆಮ್ಯಾಲ ರಕ್ತ ಪರೀಕ್ಷೆ ಎದ್ದ ಕಾಣೂವಂಗ ಬಂತು, ಬಾಯಿಲೆ ನಳಿಗಿ ಇಳಿಸಿ ಕರಳಿನ ಸಣ್ಣ ಚೂರ ತಗದು ನೋಡಿದ್ರು, ಖಾತ್ರಿ ಆತು.

"ಗೋಧಿ ಬಿಟ್ಟು ಆರಾಮ ಆದ್ರ ಸಾಕಲ್ಲ, ಪರೀಕ್ಷೆ ಯಾಕ ಬೇಕು?" ಅಂತ ಭಾಳ ಮಂದಿ ಕೇಳತಾರ. ಬೇಕ್ರಿ. ಇದಕ್ಕ ಗುಳಿಗಿ ಇಲ್ಲ, ಸೂಜಿ ಇಲ್ಲ, ಜೀವ ಇರೂತನಕ ಪಥ್ಯ ಒಂದ. ಜೀವನಪೂರ್ತಿ ಮಾಡೂ ಪಥ್ಯಾನ ಅಂದಾಜಿನ ಮ್ಯಾಲ ಮಾಡಾಕ ಆಗಂಗಿಲ್ಲ, ಎರಡ ವರ್ಷದಾಗ ಬ್ಯಾಸರ ಬಂದು ಬಿಟ್ಟಬಿಡತಾರ. ಇನ್ನೊಂದು, ಇದು ರಕ್ತಸಂಬಂಧದಾಗ ಬರತೈತಿ. ಸೀಲಿಯಾಕ್ ಇದ್ದವರ ತಂದಿ-ತಾಯಿ, ಅಣತಮ್ಮ-ಅಕ್ಕತಂಗಿ, ಮಕ್ಕಳೊಳಗ ನೂರಕ್ಕ ಹೆಚ್ಚು ಕಮ್ಮಿ ಹತ್ತ ಮಂದಿಗೆ ಇರೂ ಸಂಭವ ಐತಿ. ನಾನೂ ನಮ್ಮ ಯಜಮಾನ್ರೂ ಮಗನೂ ರಕ್ತ ಕೊಟ್ವಿ. ಮೂರೂ ಮಂದಿಗೆ ಸದ್ಯ ಇಲ್ಲ. ಮಗಂದು ಮುಂದ ಇನ್ನೊಮ್ಮೆ ನೋಡೂಣ ಅಂದಾರ, ಯಾಕಂದ್ರ ಇದು ದೊಡ್ಡವರಾದ ಮ್ಯಾಲೂ ಬರತೈತಿ.

"ಅದು ಪಂಜಾಬ್ ಕಡೆ ಬ್ಯಾನಿ, ನಮ್ಮ ಕಡೆ ಎಲ್ಲಿ?" ಅನ್ನೂ ಮಾತೂ ಐತಿ. ಅರ್ಧಾ ಖರೆ. ನಮ್ಮ ದೇಶದಾಗ 23 ಸಾವಿರಕ್ಕೂ ಮಿಕ್ಕಿ ಮಂದಿ ರಕ್ತ ನೋಡಿ 2016ರಾಗ ಒಂದ ಲೆಕ್ಕ ಹೊರಗ ಬಂದೈತಿ. ಉತ್ತರ ಭಾರತದಾಗ ನೂರಕ್ಕ 1.23, ದಕ್ಷಿಣದಾಗ ನೂರಕ್ಕ 0.10, ಅಂದ್ರ ಸಾವಿರಕ್ಕ ಒಬ್ಬರು. ಆದ್ರ ಈ ಬ್ಯಾನಿಗೆ ಬೇಕಾದ ಹುಟ್ಟುಗುಣ ಎರಡೂ ಕಡೆ ಮೂರರಾಗ ಒಬ್ಬರಿಗಿಂತ ತುಸು ಹೆಚ್ಚ ಮಂದಿಗೆ ಇತ್ತು, ಅಂಥಾ ಫರಕ ಇರಲಿಲ್ಲ. ಫರಕ ಇದ್ದದ್ದು ತಾಟಿನ್ಯಾಗ. ಉತ್ತರದವರು ದಿನಕ್ಕ 455 ಗ್ರಾಂ ಗೋಧಿ ತಿಂತಿದ್ರು, ದಕ್ಷಿಣದವರು 25 ಗ್ರಾಂ. ಈಗ ನಮ್ಮ ಶಿವಬಸವ ನಗರದ ಅಡಗಿಮನಿ ನೋಡ್ರಿ. ನಮ್ಮ ಅವ್ವಾರ ಕಾಲಕ್ಕ ಎರಡೂ ಹೊತ್ತ ಜ್ವಾಳದ ರೊಟ್ಟಿ, ಖಾನಾಪುರ ಕಡೆ ಅನ್ನ, ಅಕ್ಕಿ ರೊಟ್ಟಿ. ಗೋಧಿ ಅಂದ್ರ ಹಬ್ಬಕ್ಕ. ಈಗ ಡಬ್ಬಿಗೆ ಚಪಾತಿ, ಚಾದ ಕೂಡ ಬಿಸ್ಕೀಟು, ಸಂಜಿಮುಂದ ಬ್ರೆಡ್ಡು ನೂಡಲ್ಸು. ಹಿಂಗಿದ್ಮ್ಯಾಲ ನಮ್ಮ ಕಡೆ ಬರೂದಿಲ್ಲ ಅಂತ ಕೈ ತೊಳಕೊಂಡು ಕೂಡೂದು ನನಗ ಸರಿ ಅನಸಂಗಿಲ್ಲ. ಹಂಗಂತ ಆರಾಮ ಇದ್ದವರೆಲ್ಲಾ ಗೋಧಿ ಬಿಡ್ರಿ ಅಂತ ನಾ ಹೇಳಾಕ ಹತ್ತಿಲ್ಲ, ಆ ವಿಡಿಯೋದವನ ಸಾಲಿನ್ಯಾಗ ನಿಂದರೂದು ನನಗ ಬ್ಯಾಡ. ಗುಳಿಗಿ ತಿಂದ್ರೂ ರಕ್ತ ಏರದಿದ್ರ, ಮಗು ಬೆಳೀದಿದ್ರ, "ಈ ಪರೀಕ್ಷೆ ಒಂದ ಮಾಡಿ ನೋಡೂಣೇನ್ರಿ?" ಅಂತ ಡಾಕ್ಟರಿಗೆ ನೀವಾ ಬಾಯಿ ಬಿಟ್ಟು ಕೇಳ್ರಿ. ಅಲ್ಲೀತನಕ ಚಪಾತಿ ಬಂದ ಮಾಡಬ್ಯಾಡ್ರಿ.

ಗೋಧೀನ ಕಾರಣ ಅನ್ನೂದು ಗೊತ್ತಾಗಿದ್ದೂ ಭಾಳ ಹಿಂದೇನಲ್ಲ. 1944-45ರ ಚಳಿಗಾಲದಾಗ ಯುದ್ಧದ ಸಲುವಾಗಿ ಹಾಲೆಂಡಿನ್ಯಾಗ ಬ್ರೆಡ್ ಸಿಗದ ಹಂಗಾತು. ಊರೆಲ್ಲಾ ಉಪವಾಸ, ಈ ಬ್ಯಾನಿ ಇದ್ದ ಮಕ್ಕಳು ಮಾತ್ರ ಸುಧಾರಿಸಿದ್ರು. ಬ್ರೆಡ್ ತಿರುಗಿ ಬಂದಮ್ಯಾಲ ಮತ್ತ ಕೆಟ್ರು. ವಿಲ್ಲೆಮ್ ಡಿಕ್ಕೆ ಅನ್ನೂ ಮಕ್ಕಳ ಡಾಕ್ಟರಿಗೆ ಮೊದಲ ಇದ್ದ ಸಂಶಯ ಗಟ್ಟಿ ಆತು, 1950ರಾಗ ಅದನ್ನ ಬರದಿಟ್ರು.

ಇನ್ನ ಅಡಗಿಮನಿ ಮಾತು. ನಾವು ಜ್ವಾಳದ ನಾಡಿನವರು, ನಮಗೇನ ತ್ರಾಸ ಅಂದಿದ್ದೆ. ಜ್ವಾಳ, ಸಜ್ಜಿ, ರಾಗಿ, ಅಕ್ಕಿ, ನವಣಿ, ಕಡ್ಲಿ ಹಿಟ್ಟು ಎಲ್ಲಾ ನಡೀತಾವು. ಝುಣಕ, ಸುಸಲಾ, ಅವಲಕ್ಕಿ, ನುಚ್ಚು, ಒಂದಕ್ಕೂ ಅಡ್ಡಿ ಇಲ್ಲ. ಅಂಗಡ್ಯಾಗ ದುಬಾರಿ ರೊಕ್ಕಕ್ಕ ಸಿಗೂ ಗ್ಲುಟನ್ ಫ್ರೀ ಪಾಕೀಟು ನಾ ತರೂದು ಅಪರೂಪ. ಆದ್ರ ಮೊದಲನೇ ಆರ ತಿಂಗಳ ಇಷ್ಟ ಪಥ್ಯ ಮಾಡಿದ್ರೂ ಮಗಳ ಹೊಟ್ಟಿ ಆಗಾಗ ಕೆಡತಿತ್ತು. ಎಲ್ಲಿಂದ, ಎಲ್ಲಿಂದ ಅಂತ ಹುಡುಕಿ ಹುಡುಕಿ ಸಿಕ್ಕಿದ್ದು ಗಿರಣಿ! ಗೋಧಿ ಬೀಸಿದ ಕಲ್ಲಿನ್ಯಾಗ ನಮ್ಮ ಜ್ವಾಳಾನೂ ಬೀಸಿಸಿಕೊಂಡ ಬರತಿದ್ದೆ. ಕಲ್ಲಿನ ಸಂದ್ಯಾಗ, ಹಿಟ್ಟ ಬೀಳೂ ಬಟ್ಟಿ ಚೀಲದಾಗ ಗೋಧಿ ಹಿಟ್ಟ ಇದ್ದ ಇರತಿತ್ತು. ಈಗ ಮನ್ಯಾಗ ಘರಘಂಟಿ ತಗೊಂಡೀವಿ. ಅದರಾಗ ಗೋಧಿ ಒಂದ ಕಾಳೂ ಬೀಳೂವಂಗಿಲ್ಲ.

ಪಾಕೀಟಿನ ಮ್ಯಾಲ ಗ್ಲುಟನ್ ಫ್ರೀ ಅಂತ ಹಾಕಬೇಕಂದ್ರ ಒಂದ ಕಿಲೋದಾಗ ಗ್ಲುಟನ್ 20 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ಸರಕಾರದ ಕಾಯದೆ ಐತಿ. ಒಂದ ಚಪಾತ್ಯಾಗ ಅದು ಸಾವಿರಗಟ್ಟಲೆ ಮಿಲಿಗ್ರಾಂ ಇರತೈತಿ. ಈಗ ಹೇಳ್ರಿ, ಒಂದ ತುತ್ತ ಅಂದ್ರ ಎಷ್ಟಾತು? ತಿಂದ ದಿನ ಹೊಟ್ಟಿ ನೂಸದಿದ್ರೂ ಒಳಗ ಕರಳ ಸವಿಯೂದ ನಿಂದರಂಗಿಲ್ಲ. ಆ ಸಲುವಾಗಿ ನಮ್ಮ ಮನ್ಯಾಗ ಲಟ್ಟಣಗಿ, ಪರಾತ, ಹಂಚು, ಸಾಣಿಗಿ ಎಲ್ಲಾ ಎರಡೆರಡು. ಆಕೀವಕ್ಕ ಕೆಂಪ ದಾರ ಕಟ್ಟೀನಿ. ಪೂರಿ ಕರದ ಎಣ್ಣ್ಯಾಗ ಆಕಿ ಹಪ್ಪಳ ಕರೀಯಂಗಿಲ್ಲ.

ಇಂಗೂ ನೋಡಿ ತಗೋಬೇಕ್ರಿ. ಡಬ್ಬಿ ಇಂಗಿನ್ಯಾಗ ಭಾಳಷ್ಟು ಕಂಪನಿಯವರು ಗೋಧಿ ಹಿಟ್ಟ ಇಲ್ಲಾ ಮೈದಾ ಬೆರಸಿರತಾರ, ಹಿಂದ ಸಣ್ಣ ಅಕ್ಷರದಾಗ ಬರದಿರತೈತಿ. ಹಾರ್ಲಿಕ್ಸಿನ್ಯಾಗ ಬಾರ್ಲಿನೂ ಗೋಧೀನೂ ಅದಾವು. ನಾ ಮಗಳಿಗೆ ಶಕ್ತಿ ಬರಲಿ ಅಂತ ಅದನ್ನ ದಿನಾ ಕುಡಿಸಿದಾಕಿ! ಇನ್ನ ಜವೆ ಗೋಧಿ. "ಅದು ನಮ್ಮ ಹಳೀ ಗೋಧಿ, ಸಕ್ಕರಿ ಬ್ಯಾನಿಯವರಿಗೂ ನಡೀತೈತಿ, ಆಕಿಗೂ ಕೊಡ್ರಿ" ಅಂತ ಮೂರ ಮಂದಿ ತಂದಕೊಟ್ಟಾರ. ಖಪಲಿ ಅನ್ರಿ, ಸದಕ ಅನ್ರಿ, ಜವೆ ಅನ್ರಿ, ಅದೂ ಗೋಧೀನ. ಸೀಲಿಯಾಕ್ ಇದ್ದವರಿಗೆ ನಡಿಯಂಗಿಲ್ಲ. ಹುಗ್ಗಿ ಭಾರಿ ಆಕ್ಕೈತಿ ಅದರದು, ನಾ ತಿಂತೀನಿ.

ಮಠದ ಪ್ರಸಾದದಾಗ ಗೋಧಿ ಹುಗ್ಗಿ ಬಡಸಿದ್ರ ಏನ ಮಾಡೂದು ಅಂತ ಮೊದಮೊದಲ ಜೀವ ಹೊಡಕೋತಿತ್ತು. ಪ್ರಸಾದ ಬ್ಯಾಡ ಅನ್ನಬಾರದು ಅಂತ ಬೆಳದವರು ನಾವು. ಈಗ ಬಡಸಾವ್ರಿಗೆ "ಇಕಿಗೆ ಬರೇ ಅನ್ನ ಮೊಸರ ಹಾಕ್ರಿ, ಡಾಕ್ಟರ ಪಥ್ಯ ಐತಿ" ಅಂತ ಮೊದಲ ಹೇಳಿಬಿಡತೀನಿ. ಒಬ್ಬರೂ ಸಿಟ್ಟ ಮಾಡಿಲ್ಲ. ಸಿಟ್ಟ ಮಾಡೂದೆಲ್ಲಾ ಬೀಗರ ಮನ್ಯಾಗ.

ಬೀಗರು ಅಂದಮ್ಯಾಲ ಮದವಿ ಮಾತೂ ಬಂತು. "ಇದನ್ನೆಲ್ಲಾ ಬರೀಬ್ಯಾಡ, ನಾಳಿ ವರ ಹುಡುಕೂದೈತಿ" ಅಂತ ನಮ್ಮ ದೊಡ್ಡಕ್ಕ ಅಂದಾಳ. ಮಗಳನ್ನ ಕೇಳಿದೆ. "ಬರೀ ಅವ್ವಾ, ಆಮ್ಯಾಲ ಗೊತ್ತಾಗಿ ಗಪ್ಪನ ಚಪಾತಿ ನುಂಗೂದು ನನ್ನ ಕೈಲೆ ಆಗಂಗಿಲ್ಲ" ಅಂದ್ಲು. ಮುಚ್ಚಿಟ್ಟು ಮದವಿ ಮಾಡಿದ್ರ ಹೊಸಾ ಮನ್ಯಾಗ ದಿನಾ ಮೂರ ಹೊತ್ತ ಸುಳ್ಳ ಉಣಬೇಕಾಕ್ಕೈತಿ ಆಕಿ. ನಾ ಮೊದಲನೇ ಮಾತಿಗೇನ ಹೇಳಾಕಿ. ಅಕ್ಕಾ, ನೀನೂ ಒಂದ ಮಾತ ಕೇಳು. ನಿನ್ನ ಸಣ್ಣ ಮಗಳಿಗೂ ಮೂರ ವರ್ಷದಿಂದ ರಕ್ತದ ಗುಳಿಗಿ ನಡದಾವು. ಊರಿಗೆ ಗೊತ್ತಾಕ್ಕೈತಿ ಅಂತ ಹೆದರಿ ಕುಂತೀದಿ. ಒಂದ ಸಲ ರಕ್ತ ಕೊಡಸು. ಬೇಕಾದ್ರ ನಾ ಕೂಡ ಬರತೀನಿ, ಯಾರಿಗೂ ಹೇಳೂದಿಲ್ಲ.

ನನ್ನ ಮಗಳು ಪಥ್ಯ ಹಿಡದು ಮೂರನೇ ವರ್ಷ ನಡದೈತಿ. ಮೊದಲ ವ್ಯರ್ಥ ಹೋಗತಿದ್ದ ಅದ ಕಬ್ಬಿಣದ ಗುಳಿಗಿ ಈಗ ಮೈಗೆ ಹತ್ತಿ ಹಿಮೋಗ್ಲೋಬಿನ್ ಹನ್ನೆರಡ ದಾಟೇತಿ. ಬಾಯಾಗ ಹುಣ್ಣಿಲ್ಲ. ಎತ್ತರ ಮಾತ್ರ ಅಷ್ಟಕ್ಕ ನಿಂತು, ಅದರ ವ್ಯಾಳ್ಯಾ ಮೀರಿ ಹೋಗಿತ್ತು.

ಮುಂದ ನಾಗರ ಪಂಚಮಿ ಬರತೈತಿ. ನೀವೆಲ್ಲಾ ನಮ್ಮ ಮನಿಗೆ ಉಂಡಿ ಕಳಸಾವ್ರ, ಕಳಸ್ರಿ, ಬ್ಯಾಡ ಅನ್ನೂದಿಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ ಒಂದ ಡಬ್ಬ್ಯಾಗ ಹಾಕ್ರಿ. ಅವನ್ನ ರವಾ ಉಂಡಿ ಕಟ್ಟೂಕಿಂತ ಮೊದಲ ಕಟ್ಟಿ ತಗದಿಡ್ರಿ. ರವಾ ಉಂಡಿ ಬ್ಯಾರೆ ಡಬ್ಬ್ಯಾಗ, ನನಗೂ ಯಜಮಾನ್ರಿಗೂ. ತಂಬಿಟ್ಟಿಗೆ ಗೋಧಿ ಹುರದ ಹಾಕಿದ್ರ ಮುಚ್ಚಳದ ಮ್ಯಾಲ ಒಂದ ಚೀಟಿ ಹಚ್ಚಿಬಿಡ್ರಿ.